ಸಪ್ಪೆ ನೀರು

ಗಾಜಿನ ಕೊಳವೆಯೊಳಗೆ ಗುಳ್ಳೆಗಳು ಒಂದರ ಬೆನ್ನಿಗೊಂದು ಏಳುತ್ತಿದ್ದವು. ಆ ಸದ್ದು ಕೇಳಿಯೇ ಊರವರು ಯಂತ್ರಕ್ಕೆ ಗುಳುಗುಳಿ ಎಂದು ಹೆಸರಿಟ್ಟಿದ್ದರು. ಸೂರಿನ ಮೇಲಿನ ಸೌರಫಲಕದಿಂದ ಇಳಿದ ವಿದ್ಯುತ್ತು ಎರಡು ಲೋಹದ ತಗಡುಗಳ ನಡುವಿನ ನೀರನ್ನು ಒಡೆಯುತ್ತಿತ್ತು. ಆಮ್ಲಜನಕ ಕಿಟಕಿಯಾಚೆಗೆ ಹೋಗುತ್ತಿತ್ತು, ಜಲಜನಕ ಒಲೆಗೆ ಬರುತ್ತಿತ್ತು. ಜಲಜನಕದ ಉರಿ ಹಗಲು ಹೊತ್ತು ಕಣ್ಣಿಗೆ ಬೀಳುವುದಿಲ್ಲ. ಒಲೆ ಹೊತ್ತಿದೆ ಎಂದು ತೋರಿಸಲು ಸುತ್ತಲೂ ಒಂದು ತಂತಿಯ ಬಳೆ ಇತ್ತು. ಕೆಂಡದ ಹಾಗೆ ಇರಬೇಕಾದ ಆ ಬಳೆ ಇಲ್ಲಿ ಮಂಕಾಗಿತ್ತು. ಮೇಲಿಟ್ಟ ಮುದ್ದೆಯ ಎಸರು ಅರ್ಧ ಗಂಟೆಯಾದರೂ ಕುದಿಯಲೊಲ್ಲದು.

ಸಿಂಚನಾ ಮಂಡಿಯೂರಿ ಕುಳಿತು ಯಂತ್ರದ ಮುಚ್ಚಳ ಬಿಚ್ಚಿದಳು. ತಗಡುಗಳ ಮೇಲೆ ಸುಣ್ಣದಂಥ ಬಿಳಿ ಪೊರೆ ಬೆರಳು ದಪ್ಪ ಕೂತಿತ್ತು. ಬೆಳಗಿನಿಂದ ಕರೆಗುಂಡಪಾಳ್ಯದಲ್ಲಿ ಇದು ಹನ್ನೊಂದನೆಯ ಮನೆ. ಹನ್ನೊಂದರಲ್ಲೂ ಅದೇ ಪೊರೆ.

ಮೂವತ್ತು ವರ್ಷದ ಕೆಳಗೆ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದಾಗ, ಅಮ್ಮನ ಉಪ್ಪಿನಕಾಯಿ ಜಾಡಿಯಲ್ಲಿ ಊಟದ ಡಬ್ಬಿಯ ಎರಡು ಸ್ಟೀಲ್ ಮುಚ್ಚಳ ಇಳಿಬಿಟ್ಟು ಅವಳು ಮೊದಲ ಗುಳ್ಳೆ ನೋಡಿದ್ದಳು. ಜಾಡಿ ಹಾಳಾಯಿತೆಂದು ಅಮ್ಮ ಒಂದು ವಾರ ಮಾತು ಬಿಟ್ಟಿದ್ದರು. ಅದೇ ಜಾಡಿ ಬೆಳೆಯುತ್ತ ಬೆಳೆಯುತ್ತ ಈಗ, ಎರಡು ಸಾವಿರದ ಐವತ್ತೆಂಟರಲ್ಲಿ, ಆರುನೂರು ಹಳ್ಳಿಗಳ ಅಡಿಗೆಮನೆ ಸೇರಿತ್ತು. ಸೌದೆ ತಪ್ಪಿತು, ಹೊಗೆ ತಪ್ಪಿತು, ಸಿಲಿಂಡರಿಗೆ ಕಾಯುವುದೂ ತಪ್ಪಿತು.

ಯಂತ್ರಕ್ಕೆ ಇದ್ದದ್ದು ಒಂದೇ ನಾಜೂಕು. ನೀರು ಶುದ್ಧವಾಗಿರಬೇಕು. ಲವಣವಿದ್ದರೆ ಅದು ತಗಡಿಗೆ ಅಂಟಿ ಕೂರುತ್ತದೆ. ಈ ಸೀಮೆಯ ಬೋರ್‌ವೆಲ್ಲಿನಲ್ಲಿ ಲವಣವೂ ಇತ್ತು, ಹಲ್ಲು ಕಂದಿಸಿ ಮೂಳೆ ಬಗ್ಗಿಸುವ ಫ್ಲೋರೈಡೂ ಇತ್ತು. ಹಾಗಾಗಿ ಪ್ರತಿ ಸೋಮವಾರ ಯಂತ್ರ ಹಂಚಿದ ಕಂಪನಿಯ ಗಾಡಿ ಬಂದು ಮನೆಗೊಂದರಂತೆ ಇಪ್ಪತ್ತು ಲೀಟರಿನ ಕ್ಯಾನು ಇಳಿಸಿ ಹೋಗುತ್ತಿತ್ತು. ಕ್ಯಾನಿನ ಮೇಲೆ ‘ಒಲೆಗೆ ಮಾತ್ರ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆದರೂ ಹತ್ತು ವರ್ಷ ಬಾಳಬೇಕಾದ ತಗಡು ಈ ಊರಲ್ಲಿ ಆರು ತಿಂಗಳಿಗೆ ಸಾಯುತ್ತಿತ್ತು. ವಿನ್ಯಾಸವೇ ಸರಿಯಿಲ್ಲ ಎಂದು ಕಂಪನಿಯವರು ಗೊಣಗಲು ಶುರುಮಾಡಿದಾಗ ಅವಳು ತಾನೇ ಹೊರಟು ಬಂದಿದ್ದಳು.

“ಏನಾಗೈತೆ ಮೇಡಂ?” ಮನೆಯಾಕೆ ತನುಜ ಬಾಗಿಲಲ್ಲಿ ನಿಂತಿದ್ದಳು. ಅವಳ ಸೆರಗು ಹಿಡಿದು ಐದು ವರ್ಷದ ಮಗಳು ಧೃತಿ.

“ಕ್ಯಾನಿನ ನೀರೇ ಹಾಕ್ತಿದ್ದೀರಾ?”

“ಇನ್ಯಾವ್ದು ಹಾಕಾನ ಮೇಡಂ?”

ಜಗಲಿಯಲ್ಲಿ ಕೂತಿದ್ದ ಅತ್ತೆ ಲಕ್ಷ್ಮೀದೇವಮ್ಮ ತಲೆ ಎತ್ತಿದರು. ಬೆನ್ನು ಬಾಗಿದ್ದರಿಂದ ಎದುರಿನವರ ಮುಖ ನೋಡಲು ಅವರು ಪಕ್ಕಕ್ಕೆ ಹೊರಳಿಕೊಳ್ಳಬೇಕಿತ್ತು. “ಬಂದೋರಿಗೆ ನೀರು ಕೊಡದು ಬಿಟ್ಟು ಅದೇನು ಪಂಚಾಯ್ತಿ ಮಾಡ್ತಾ ನಿಂತಿದ್ದೀಯೇ? ಬಿಸ್ಲಲ್ಲಿ ಬಂದವ್ರೆ.”

ತನುಜ ಒಳಗೆ ಹೋಗಿ ತಟ್ಟೆಯಲ್ಲಿ ಒಂದಚ್ಚು ಬೆಲ್ಲ, ತೊಳೆದು ಥಳಥಳಿಸುವ ಲೋಟದಲ್ಲಿ ನೀರು ತಂದಳು. ಸಿಂಚನಾ ಬೆಲ್ಲ ಮುರಿದು ಬಾಯಿಗಿಟ್ಟು, ನೀರು ಕುಡಿದಳು. ಎರಡನೆಯ ಗುಟುಕಿಗೆ ನಿಂತಳು.

ಈ ನೀರು ಅವಳಿಗೆ ಗೊತ್ತಿತ್ತು. ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಇದನ್ನೇ ಭಟ್ಟಿ ಇಳಿಸಿ, ಅಳೆದು, ನಾಲಿಗೆಗೂ ಹಚ್ಚಿ ನೋಡಿದವಳು. ರುಚಿಯೇ ಇಲ್ಲದ, ಬರಿ ಸಪ್ಪೆ ನೀರು.

ಅವಳು ಲೋಟ ಕೆಳಗಿಡದೆ ತನುಜಳ ಮುಖ ನೋಡಿದಳು. ತನುಜಳ ಮುಖ ಇಳಿದುಹೋಯಿತು. ಮನೆಗೆ ಬಂದವರಿಗೆ ಒಳ್ಳೆಯದನ್ನೇ ಕೊಡಬೇಕೆಂಬ ರೂಢಿಯಲ್ಲಿ, ಯಾರಿಂದ ಮುಚ್ಚಿಡಬೇಕಿತ್ತೋ ಅವರ ಕೈಗೇ ತಂದುಕೊಟ್ಟಿದ್ದಳು.

“ಉಳಿದ ಹತ್ತು ಮನೇಲೂ ಹಿಂಗೇನಾ?”

“ಮಕ್ಳಿರೋ ಮನೇಲೆಲ್ಲ,” ತನುಜ ಮೆಲ್ಲಗೆ ಹೇಳಿದಳು. “ಎಂಟು ವರ್ಷ ತುಂಬೋ ತನಕ ಒಳ್ಳೆ ನೀರು ಕುಡಿಸಿದ್ರೆ ಹಲ್ಲು, ಮೂಳೆ ಉಳ್ಕಳ್ತವೆ ಅಂದ್ರು ಡಾಕ್ಟ್ರು. ಇವ್ಳಿಗೆ ಎಂಟಾಗಕ್ಕೆ ಇನ್ನು ಮೂರು ವರ್ಷ. ಅಲ್ಲಿಗಂಟ ಗುಳುಗುಳಿಗೆ ಬೋರ್ ನೀರು ಹಾಕಾನ ಅಂತ.”

“ನನ್ನ ಸೊಂಟ ನೋಡಿ ಕಲ್ತವ್ಳೆ ಬಿಡಿ,” ಎಂದು ಲಕ್ಷ್ಮೀದೇವಮ್ಮ ನಕ್ಕರು. “ನಾನು ಪಾಠದ ಪುಸ್ತಕ ಇದ್ದಂಗೆ, ಯಾವಾಗ್ಲೂ ಮಡಚ್ಕೊಂಡೇ ಇರ್ತೀನಿ.”

ಸಿಂಚನಾಳಿಗೆ ನಗು ಬರಲಿಲ್ಲ. ಧೃತಿ ಅಮ್ಮನ ಸೆರಗಿನ ಹಿಂದಿನಿಂದ ಬಾಯಿ ಅಗಲಿಸಿ ಹಲ್ಲು ತೋರಿಸಿದಳು. ಅಕ್ಕಿಕಾಳಿನಂಥ ಹಾಲುಹಲ್ಲು.

“ಇದನ್ನ ನಾನು ಬರೀತೀನಿ ತನುಜ. ಕುಡಿಯೋಕೆ ಅಂತಲೇ ಮನೆಗೆ ಇನ್ನೊಂದು ಕ್ಯಾನು ಕೊಡಿ ಅಂತ ಕೇಳ್ತೀನಿ.”

“ಬ್ಯಾಡ ಮೇಡಂ. ಬರದ್ರೆ ಇದೂ ಹೋಗ್ತದೆ.”

“ಯಂತ್ರ ಮಾಡಿದವಳು ನಾನು. ನನ್ನ ಮಾತು ಕೇಳ್ತಾರೆ.”

ಮುಂದಿನ ಎಷ್ಟೋ ದಿನ ಸಿಂಚನಾಳ ಕಿವಿಯಲ್ಲಿ ಉಳಿದದ್ದು ತನ್ನದೇ ಆ ಮಾತು. ಹೇಳುವಾಗ ಅದರಲ್ಲಿ ಮಕ್ಕಳ ಬಗೆಗಿನ ಕಾಳಜಿ ಎಷ್ಟು, ತನ್ನ ವಿನ್ಯಾಸ ಸರಿಯಿದೆ ಎಂದು ತೋರಿಸುವ ಆತುರ ಎಷ್ಟು, ಅವಳಿಗೇ ವಿಂಗಡಿಸಲಾಗಲಿಲ್ಲ. ವರದಿ ಬರೆದಳು. ಹದಿನಾಲ್ಕು ಪುಟ, ಮಕ್ಕಳ ಹಲ್ಲಿನ ಚಿತ್ರ ಸಮೇತ.

ಎರಡು ತಿಂಗಳ ಮೇಲೆ ಕಂಪನಿಯ ವ್ಯವಸ್ಥಾಪಕ ಸುದರ್ಶನ್ ಫೋನು ಮಾಡಿದ. “ತುಂಬ ಒಳ್ಳೆ ವರದಿ ಮೇಡಂ. ನೀವು ಹೋಗದೆ ಇದ್ದಿದ್ರೆ ಕಾರಣ ಗೊತ್ತೇ ಆಗ್ತಿರಲಿಲ್ಲ. ಸರಿಪಡಿಸಿದ್ದೀವಿ.”

“ಇನ್ನೊಂದು ಕ್ಯಾನು ಕೊಟ್ಟಿರಾ?”

“ಕುಡಿಯೋ ನೀರು ನಮಗೆ ಬರಲ್ಲ ಮೇಡಂ, ಅದು ಬೇರೆ ಇಲಾಖೆ. ನಾವು ನೀರಿಗೆ ಒಂದು ಕಹಿ ಪದಾರ್ಥ ಬೆರೆಸ್ತಿದ್ದೀವಿ. ವಿಷ ಅಲ್ಲ, ಕ್ಯಾನಿಗೆ ಒಂದು ಹನಿ ಸಾಕು. ಯಾರೂ ಬಾಯಿಗೆ ಇಡೋ ಹಾಗಿಲ್ಲ. ತಗಡಿಗೂ ಅಂಥಾ ತೊಂದರೆ ಇಲ್ಲವಂತೆ. ನಿಮ್ಮ ಯಂತ್ರ ಉಳೀತು.”

ಅವಳು ಆ ಬೇರೆ ಇಲಾಖೆಗೂ ಅಲೆದಳು. ಅಲ್ಲಿನ ಕಡತದಲ್ಲಿ ಎರಡು ಸಾವಿರದ ಇಪ್ಪತ್ತರ ದಶಕದಿಂದಲೂ ಒಂದೇ ಒಕ್ಕಣೆ ಇತ್ತು: ಮನೆಮನೆಗೆ ಶುದ್ಧ ನೀರು ಮುಟ್ಟಿಸುವುದು ಸದ್ಯಕ್ಕೆ ಕಾರ್ಯಸಾಧುವಲ್ಲ. ಆದರೆ ಒಲೆಗೆ ಬೇಕು ಎಂದಾಗ ಎರಡೇ ವರ್ಷದಲ್ಲಿ ಗಾಡಿ ಬಂದಿತ್ತು, ರಸ್ತೆ ಬಂದಿತ್ತು, ಸೋಮವಾರ ತಪ್ಪದೆ ಕ್ಯಾನು ಬಂದಿತ್ತು. ಬಾಗಿಲ ತನಕ ಬಂದ ನೀರು ಮಗುವನ್ನು ದಾಟಿ ಯಂತ್ರಕ್ಕೆ ಹೋಗುತ್ತಿತ್ತು.

ಮತ್ತೆ ಕರೆಗುಂಡಪಾಳ್ಯಕ್ಕೆ ಹೋದಾಗ ತನುಜಳ ಅಡಿಗೆಮನೆಯಲ್ಲಿ ತಂತಿಯ ಬಳೆ ಕೆಂಡದ ಹಾಗೆ ಉರಿಯುತ್ತಿತ್ತು. ಹೊಸ ತಗಡಿನ ಮೇಲೆ ಒಂದು ಚುಕ್ಕೆಯಿಲ್ಲ. ಸಿಂಚನಾ ಕ್ಷಮೆ ಕೇಳಲೆಂದೇ ಬಂದವಳು. ಕೇಳುವ ಬದಲು ಯಂತ್ರದ ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತ ಕೂತಳು. ತನುಜ ಬೈಯಲೂ ಇಲ್ಲ. ಎಂದಿನಂತೆ ಒಳಗೆ ಹೋಗಿ ಬೆಲ್ಲ, ನೀರು ತಂದಳು. ಈ ಸಲ ಬೆಲ್ಲ ಎರಡಚ್ಚು.

“ಬೋರ್ ನೀರು ಮೇಡಂ. ವಸಿ ಉಪ್ಪುಪ್ಪು ಅನ್ನಿಸ್ತದೆ, ಬೆಲ್ಲ ಕಚ್ಕೊಂಡು ನುಂಗ್ಬುಡಿ.”

“ಕ್ಯಾನಿಂದು…?”

“ನೋಡಿದ್ವಿ. ಬೆಲ್ಲ ಕದಡಿ ಕುಡಿಸಿದ್ವಿ, ಕುದಿಸಿ ಕುಡಿಸಿದ್ವಿ. ವಾಂತಿ ಮಾಡ್ಕಂತು ಮಗು.”

ಸಿಂಚನಾ ಲೋಟ ಖಾಲಿ ಮಾಡಿದಳು. ಅದೇ ಕೊಡದಿಂದ ಧೃತಿ ತಾನೇ ಬಗ್ಗಿಸಿಕೊಂಡು ಗಟಗಟ ಕುಡಿದು, ಅಂಗಿಯ ತೋಳಿಗೆ ಬಾಯಿ ಒರೆಸಿ, ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಗಾಜಿನ ಕೊಳವೆಯಲ್ಲಿ ಗುಳ್ಳೆಗಳು ಸಾಲಾಗಿ ಏಳುವುದನ್ನು ಬಹಳ ಹೊತ್ತು ನೋಡಿದಳು.

“ಅಮ್ಮ,” ಅಂದಳು. “ಒಳ್ಳೆ ನೀರೆಲ್ಲ ಇದೇ ಕುಡೀತದಲ್ಲ. ಗುಳುಗುಳಿಗೂ ಹಲ್ಲು ಬರ್ತವಾ?”