ಇಲ್ಲ ಎಂದ ನೀರುಗಂಟಿಯ ಮಗಳು

ಬಹಳ ಬಹಳ ಹಿಂದೆ, ಮೊಸಳೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮೂಗೆರೆ ಎಂಬ ರಾಜ್ಯವಿತ್ತು. ಅಲ್ಲಿದ್ದದ್ದು ಮೂರೇ ಕೆರೆ: ಮೇಲ್ಕೆರೆ, ನಡುಕೆರೆ, ಕೆಳಕೆರೆ. ಮೂರಕ್ಕೂ ತೂಬು ತೆಗೆದು ಮುಚ್ಚಿ ನೀರು ಹಂಚುವ ನೀರುಗಂಟಿ ಒಬ್ಬನೇ, ಮುದ್ದಯ್ಯ. ಅವನಿಗೆ ಪುಟ್ಟೀರಿ ಎಂಬ ಮಗಳು. ಅವಳು ಮಾತಿಗೆ ನಿಂತರೆ ಮೂರು ಕೆರೆಯ ಕಪ್ಪೆಗಳೂ ಸುಮ್ಮನಾಗುತ್ತಿದ್ದವು.

ಮೂಗೆರೆಯವರು ‘ಇಲ್ಲ’ ಎನ್ನುತ್ತಿರಲಿಲ್ಲ. ಅದು ಅಪಶಕುನ. ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಾಗಿದೆ’ ಎನ್ನುವರು. ಬಳೆ ಒಡೆದರೆ ‘ಬಳೆ ಹೆಚ್ಚಾಯಿತು’ ಎನ್ನುವರು. ಕೇಳುವವರಿಗೂ ಅದರ ಅರ್ಥ ಗೊತ್ತಿದ್ದರಿಂದ ಯಾವ ತೊಂದರೆಯೂ ಇರಲಿಲ್ಲ. ಮುದಿರಾಜ ತೀರಿಕೊಂಡು, ದೂರದೇಶದ ಅಳಿಯ ವಸುಪಾಲ ಪಟ್ಟಕ್ಕೆ ಬಂದಮೇಲೆ ತೊಂದರೆ ಶುರುವಾಯಿತು. ಅವನಿಗೆ ಕನ್ನಡ ಬರುತ್ತಿತ್ತು, ಅಡುಗೆಮನೆಯ ಕನ್ನಡ ಬರುತ್ತಿರಲಿಲ್ಲ.

ಮೊದಲ ಬೇಸಿಗೆಯಲ್ಲಿ ಮೇಲ್ಕೆರೆಯ ತಳ ಕಾಣತೊಡಗಿತು. ಮುದ್ದಯ್ಯ ಆಸ್ಥಾನಕ್ಕೆ ಹೋಗಿ, “ನೀರು ಹೆಚ್ಚಾಗೈತೆ ಸ್ವಾಮಿ” ಎಂದು ಕೈಮುಗಿದ. ರಾಜ ಹಿಗ್ಗಿ, ಇನ್ನಷ್ಟು ಕಬ್ಬು ನೆಡಿಸಿದ. ಎರಡನೆಯ ಬೇಸಿಗೆಯಲ್ಲಿ ನಡುಕೆರೆಯ ತಳ ಕಂಡಿತು. ಮುದ್ದಯ್ಯ ಮತ್ತೆ, “ಹೆಚ್ಚಾಗೈತೆ” ಎಂದ. ರಾಜ ಆನೆಗಳಿಗೆ ದಿನಕ್ಕೆ ಮೂರು ಸ್ನಾನ ಗೊತ್ತುಮಾಡಿ, ಅರಮನೆಯಲ್ಲೊಂದು ಕಾರಂಜಿಯನ್ನೂ ಕಟ್ಟಿಸಿದ.

ಕೆರೆ ಏರಿಯ ಕೆಳಗೆ ಗುಟುಕನೆಂಬ ಮಾಂತ್ರಿಕನಿದ್ದ. ಇಲ್ಲದ ನೀರನ್ನು ಇದೆಯೆಂದು ರಾಜ ನಂಬಿದರೆ ಆ ಕೆರೆ ತನ್ನದಾಗಬೇಕೆಂಬ ವರವೊಂದು ಗುಟುಕನಿಗಿತ್ತು. ಎರಡು ಕೆರೆಯನ್ನೂ ಅವನು ಒಂದೊಂದೇ ಗುಟುಕಿಗೆ ಮುಗಿಸಿದ.

ಮೂರನೆಯ ಬೇಸಿಗೆಗೆ ಕೆಳಕೆರೆಯ ನೀರು ಮೊಣಕಾಲಿಗಿಳಿಯಿತು. ಆಗ ಮುದ್ದಯ್ಯನಿಗೆ ತನ್ನ ತಪ್ಪು ಹೊಳೆಯಿತು. “ಈ ಸಲ ಇದ್ದದ್ದು ಇದ್ದಂಗೇ ಹೇಳ್ಬುಡ್ತೀನಿ ಕಣವ್ವ” ಎಂದು ಮಗಳಿಗೆ ಹೇಳಿ ಮೆಟ್ಟು ಹಾಕಿಕೊಂಡು ಹೊರಟ. ಗುಟುಕ ಅವನನ್ನು ಏರಿಯ ಮೇಲೇ ಕಲ್ಲು ಮಾಡಿ ನಿಲ್ಲಿಸಿದ.

ಪುಟ್ಟೀರಿ ಆ ಕಲ್ಲನ್ನು ತಬ್ಬಿಕೊಂಡು ಅತ್ತಳು. ಅತ್ತು ಮುಗಿದಮೇಲೆ ಕೆರೆಯನ್ನು ನೋಡಿದಳು. ಬೇರೆ ಯಾವುದಕ್ಕೂ ಬಿಡದಿದ್ದರೆ ಊರು ಮಳೆಗಾಲದವರೆಗೆ ಕುಡಿದು ಬದುಕುವಷ್ಟು ನೀರಿತ್ತು. ರಾಜ ಇನ್ನೊಂದು ಸಲ ತಪ್ಪು ತಿಳಿದರೆ ಅದೂ ಹೋಗುತ್ತಿತ್ತು. ಅವಳು ಅರಮನೆಯ ದಾರಿ ಹಿಡಿದಳು.

ಅರಮನೆಗೆ ಮೂರು ಬಾಗಿಲು. ಮೂರರಲ್ಲೂ ಗುಟುಕನ ಕಾವಲು. ಮೊದಲ ಬಾಗಿಲಲ್ಲಿ ಕೋಣದ ಗಾತ್ರದ ಗಿಳಿ ಕೂತಿತ್ತು.

“ನೀರು ಹೆಂಗೈತೆ? ಹೆಚ್ಚಾಗೈತೆ ಅನ್ನು, ಸುಮ್ನೆ ಬಿಡ್ತೀನಿ. ಇಲ್ಲ ಅಂದ್ರೆ ನಿನ್ನ ಬಳೆ ಹೋಗ್ತವೆ.”

“ಇಲ್ಲ” ಎಂದಳು ಪುಟ್ಟೀರಿ. ಬಳೆಗಳು ಪುಡಿಯಾದವು, ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಮೊಸಳೆ ಮಲಗಿತ್ತು. “ನೀರು ಹೆಂಗೈತೆ? ಇಲ್ಲ ಅಂದ್ರೆ ನಿನ್ನ ತಲೆ ನೆರೀತದೆ” ಎಂದಿತು.

“ಇಲ್ಲ” ಎಂದಳು. ಮೊಣಕಾಲುದ್ದದ ಜಡೆ ಬುಡದಿಂದ ತುದಿಯವರೆಗೆ ಬೆಳ್ಳಗಾಯಿತು.

ಮೂರನೆಯದರಲ್ಲಿ ಕೊಂಬಿನ ಹುಲಿ ಆಕಳಿಸುತ್ತಿತ್ತು. “ಇಲ್ಲಿ ಇಲ್ಲ ಅಂದ್ರೆ, ಆಮೇಲೆ ನಿನ್ನ ಬಾಯಲ್ಲಿ ಅದೊಂದೇ ಮಾತು ಉಳಿಯೋದು. ಯೋಚ್ನೆ ಮಾಡು.”

ಪುಟ್ಟೀರಿ ಅಲ್ಲಿ ಬಹಳ ಹೊತ್ತು ನಿಂತಳು. ಹಾಡು ಹೋಗುತ್ತದೆ, ನೆರೆಯವರೊಡನೆ ಜಗಳ ಹೋಗುತ್ತದೆ, ಹರಟೆ ಹೋಗುತ್ತದೆ. ಅವಳಿಗೆ ನಿಜಕ್ಕೂ ಭಯವಾಯಿತು. “ಅಪ್ಪ” ಎಂದು ಒಂದು ಸಲ ತನ್ನಷ್ಟಕ್ಕೆ ಅಂದುಕೊಂಡಳು. ಆಮೇಲೆ, “ಇಲ್ಲ” ಎಂದು ಒಳಗೆ ಹೋದಳು.

“ಬಾ, ನೀರುಗಂಟಿಯ ಮಗಳೆ” ಎಂದ ರಾಜ. “ನೀರು ಹೆಚ್ಚಾಗಿದೆಯಷ್ಟೆ?”

“ಇಲ್ಲ.”

ಸಭೆಯವರೆಲ್ಲ ಕಿವಿ ಮುಚ್ಚಿಕೊಂಡರು. ರಾಜ ಮಾತ್ರ ಮುಂದಕ್ಕೆ ಬಾಗಿದ.

“ಕಬ್ಬಿಗೆ?”

“ಇಲ್ಲ.”

“ಆನೆಗಳ ಸ್ನಾನಕ್ಕೆ?”

“ಇಲ್ಲ.”

“ನನ್ನ ಕಾರಂಜಿಗೂ?”

“ಇಲ್ಲ.”

ಮಂತ್ರಿ ಎದ್ದು ನಿಂತ. “ಊರು ಬಿಡುವುದೇ ಸರಿ, ಪ್ರಭು. ಗಾಡಿ ಹೂಡಿಸುತ್ತೇನೆ.”

“ತಡೆಯಿರಿ” ಎಂದ ರಾಜ. “ಜನ ಕುಡಿಯುವುದಕ್ಕೆ, ಮಗಳೆ?”

ಪುಟ್ಟೀರಿಯ ನಾಲಗೆಯ ತುದಿಗೆ ಅದೇ ಮಾತು ಬಂತು. ಅವಳು ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಳು. ಕಣ್ಣಲ್ಲಿ ನೀರು ಬಂದರೂ ಕೈ ತೆಗೆಯಲಿಲ್ಲ. ರಾಜ ಅವಳನ್ನೇ ನೋಡುತ್ತ ಕುಳಿತ.

“ಅದಕ್ಕೆ ಇದೆ” ಎಂದ ಕೊನೆಗೆ. “ಅದೊಂದಕ್ಕೇ ಇದೆ.” ಅವಳು ತಲೆಯಾಡಿಸಿದಳು.

ಅಂದೇ ಕಬ್ಬಿನ ತೂಬು ಮುಚ್ಚಿತು, ಕಾರಂಜಿ ನಿಂತಿತು. ನೀರು ಎದೆಮಟ್ಟಕ್ಕಿಳಿದರೆ ಕಬ್ಬಿಗಿಲ್ಲ, ಸೊಂಟಕ್ಕಿಳಿದರೆ ಆನೆಗಿಲ್ಲ, ಕಾರಂಜಿಗೆ ಯಾವಾಗಲೂ ಇಲ್ಲ ಎಂದು ರಾಜ ತೂಬಿನ ಕಲ್ಲಿನ ಮೇಲೆ ಗೆರೆ ಕೊರೆಸಿದ. ಕೆರೆ ಇಳಿದದ್ದು ರಾಜನಿಗೇ ಗೊತ್ತಾದಮೇಲೆ ಗುಟುಕನ ವರ ಕೆಲಸಕ್ಕೆ ಬಾರದಾಯಿತು. ಅವನು ಬಾಯಾರಿ, ತೇಲುಗಣ್ಣು ಮಾಡಿಕೊಂಡು, ತಾನೇ ಏರಿ ಹತ್ತಿ, ಕಲ್ಲಾದ ಅಪ್ಪನ ಬಳಿ ಕೂತಿದ್ದ ಪುಟ್ಟೀರಿಯ ಮುಂದೆ ಕುಕ್ಕರಿಸಿದ.

“ಒಂದೇ ಗುಟುಕು, ತಾಯಿ. ಕೊಡ್ತೀಯಾ?”

ಪುಟ್ಟೀರಿ ಆ ಮಾತನ್ನು ಅಷ್ಟು ಸಂತೋಷದಿಂದ ಎಂದೂ ಹೇಳಿರಲಿಲ್ಲ. “ಇಲ್ಲ.”

ಆ ‘ಇಲ್ಲ’ವನ್ನು ತಡೆಯಲಾರದೆ ಗುಟುಕ ಬಿರಿದುಹೋದ. ಅವನ ಹೊಟ್ಟೆಯಲ್ಲಿದ್ದ ಎರಡು ಕೆರೆಯ ನೀರು ಮೀನು ಸಮೇತ ಹಳೆಯ ಜಾಗಕ್ಕೆ ಹರಿಯಿತು. ಜಡೆ ಕಪ್ಪಾಯಿತು, ಗಿಳಿ ಗಿಳಿಯಷ್ಟೇ ಆಯಿತು. ಮೂಗೆರೆಯವರು ಕೆರೆಯಲ್ಲಿದ್ದಷ್ಟನ್ನು ಇದ್ದಷ್ಟೇ ಎಂದು ಹೇಳಿಕೊಂಡು ಬಹುಕಾಲ ನೆಮ್ಮದಿಯಿಂದ ಬಾಳಿದರು.

ಗುಟುಕ ಬಿರಿದ ಆ ದಿನವೇ ಏರಿಯ ಮೇಲಿನ ಕಲ್ಲು ಮುದ್ದಯ್ಯನಾಗಿ ಎದ್ದು, ಗಾಬರಿಯಿಂದ ಮಗಳ ಕೈ ಹಿಡಿದುಕೊಂಡಿತ್ತು.

“ನೀರವ್ವ? ನೀರು?”

ಪುಟ್ಟೀರಿಯ ನಾಲಗೆ ಸಡಿಲವಾಯಿತು.

“ಐತೆ ಕಣಪ್ಪ” ಎಂದಳು.