ಸೀಸ ಹೊಯ್ದ ಬಂದೂಕು

"ನಾಕನೇ ಕ್ಲಾಸಿಗೇ ಸಾಲಿ ಬಿಟ್ಟಂವ, ಬಂದೂಕಿನ ಅಸಲಿ-ನಕಲಿ ನಿನಗೇನ್ ತಿಳಿತದಬೇ?"

೧೯೭೮ರಲ್ಲಿ ರಾಯಚೂರಿನಲ್ಲಿ, ನೂರು ವರ್ಷ ಹಳೆಯ ಸಿಪಾಯಿ ಬಂದೂಕುಗಳನ್ನು ಕೂಡಿಸಿ ಮಾರುತ್ತಿದ್ದ ಗುಡುಸಾಬರು ತಮ್ಮ ಅಂಗಡಿಯಲ್ಲಿ ಗಿರಾಕಿಗಳೆದುರೇ ನನಗೆ ಅಂದರು. ನಾನು ಗಬ್ಬೂರಿನಿಂದ ತಂದ ಬಂದೂಕು ಅಸಲಿಯಾದರೆ ಅವರಲ್ಲಿ ನನಗೆ ಕೆಲಸ.

ಸಿಟ್ಟಿನಲ್ಲಿ ಅದರ ನಳಿಕೆಗೆ ಬಾಯಿಟ್ಟು ಊದಿದೆ. ಒಳಗೆ ಮದ್ದು ಉಳಿದಿದೆಯೇ ಎಂದು ಹಾಗೆಯೇ ನೋಡುವುದು. ಗಾಳಿ ಹಾಯಲಿಲ್ಲ. ಮದ್ದಿಗೆ ಕಿಡಿ ತಾಗಿಸುವ ಹಿಂದಿನ ಕಿಂಡಿಗೆ ಯಾರೋ ಸೀಸ ಹೊಯ್ದು ಮುಚ್ಚಿದ್ದರು. ನಳಿಕೆಯಿಂದ ಬಾಯಿ ತೆಗೆದಾಗ ಒಳಗಿನಿಂದ ಬೆಚ್ಚನೆಯ ಉಸಿರು ಗಲ್ಲಕ್ಕೆ ತಾಗಿತು, ನಿಂತಿತು, ಮತ್ತೆ ತಾಗಿತು. ಎಲೆಯಡಿಕೆಯ ವಾಸನೆ ಬಂತು.

ಗುಡುಸಾಬರೂ ಬಗ್ಗಿ ಬಹಳ ಹೊತ್ತು ಗಲ್ಲ ಒಡ್ಡಿದರು.

"ಅಸಲಿ ಅದ. ನಕಲಿಗೆ ಉಸಿರಿರಂಗಿಲ್ಲ. ನಾಳಿಂದ ಕೆಲಸಕ್ಕ ಬಾರಪ್ಪಾ," ಎಂದರು ಮೆತ್ತಗೆ. "ಒಳಗ ಯಾರದಾರ?"

ನಾಳೆ ಬರುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು, ಬಂದೂಕನ್ನು ಅವರ ಮುಂದೆಯೇ ಬಿಟ್ಟು ಹೊರನಡೆದೆ. ಬೆನ್ನ ಹಿಂದೆ ಬಂದೂಕು ಒಮ್ಮೆ ಕೆಮ್ಮಿತು.