ಶನಿವಾರದ ಇಪ್ಪತ್ತು ಡಿಗ್ರಿ

ಫೆಬ್ರುವರಿ ಮೂರರ ಬೆಳಿಗ್ಗೆ ಠಾಣೆಗೆ ಬಂದ ಇರ್ಯಾ ತೋಲ್ವನೆನ್, ಬೂಟಿನ ಹಿಮವನ್ನೂ ಕೊಡವದೆ, ಇನ್ಸ್‌ಪೆಕ್ಟರ್ ಹಿಲ್ಕಾಳ ಮೇಜಿನ ಮೇಲೆ ಫೋನು ಇಟ್ಟಳು.

"ಯಾರೋ ನನ್ನ ಸರೋವರದ ಮನೆಗೆ ನುಗ್ತಾ ಇದ್ದಾರೆ. ನೋಡಿ."

ಗಂಡ ತೀರಿಕೊಂಡ ಮೇಲೆ ಇರ್ಯಾ ದೂರದ ನಗರ ಸೇರಿದ್ದಳು. ಚಳಿಗಾಲವಿಡೀ ಆ ಮರದ ಮನೆ ಖಾಲಿ. ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯದಿರಲೆಂದು, ಫೋನಿನಿಂದಲೇ ನಡೆಸುವ ಹೀಟರ್ ಹಾಕಿಸಿ ಎಂಟು ಡಿಗ್ರಿಗೆ ನಿಲ್ಲಿಸಿದ್ದಳು. ಪರದೆಯ ಮೇಲಿನ ಗೆರೆ ವಾರವೆಲ್ಲ ಎಂಟರಲ್ಲಿ ಮಲಗಿತ್ತು. ಶನಿವಾರ ಮಧ್ಯಾಹ್ನ ಮಾತ್ರ ಗುಡ್ಡದಂತೆ ಇಪ್ಪತ್ತಕ್ಕೆ ಏರಿ, ಸಂಜೆಗೆ ಇಳಿದಿತ್ತು. ಪ್ರತಿ ಶನಿವಾರವೂ ಹಾಗೆಯೇ.

"ಫೋನು ಎಚ್ಚರಿಸಲಿಲ್ವಾ?" ಹಿಲ್ಕಾ ಕೇಳಿದಳು.

"ಐದಕ್ಕಿಂತ ಕೆಳಗಿಳಿದ್ರೆ ಮಾತ್ರ ಕೂಗು ಅಂತ ಇಟ್ಟಿದ್ದೆ. ನಾನು ಹೆದರಿದ್ದು ಚಳಿಗೆ, ಬಿಸಿಗಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ. ಆದ್ರೆ ಇವನು ಸಿಕ್ಕದಿದ್ರೆ ಮನೆ ಮಾರಿಬಿಡ್ತೀನಿ. ಬೇಸಿಗೆಗೆ ಒಬ್ಬಳೇ ಬಂದು ಅಲ್ಲಿ ಹ್ಯಾಗೆ ಮಲಗಲಿ?"

ಎಫ್‌ಐಆರ್ ದಾಖಲಾಯಿತು. ಅದೇ ಮಧ್ಯಾಹ್ನ ಹಿಲ್ಕಾ, ಕಾನ್‌ಸ್ಟೇಬಲ್ ಯಾರ್ಕೊನೊಂದಿಗೆ, ಇರ್ಯಾಳ ಎದುರಲ್ಲೇ ಸ್ಥಳ ಪಂಚನಾಮೆ ನಡೆಸಿದಳು. ಬೀಗಕ್ಕೆ ಧಕ್ಕೆಯಿಲ್ಲ, ಕಿಟಕಿ ಒಡೆದಿಲ್ಲ. ಬೆಳ್ಳಿ ಚಮಚಗಳು ಇದ್ದಲ್ಲೇ ಇದ್ದವು. ತೊಟ್ಟಿಯ ಪಕ್ಕ ಒಂದು ಕಾಫಿ ಬಟ್ಟಲು ತೊಳೆದು ಬೋರಲು ಹಾಕಿತ್ತು. ಹೊರಗೆ, ಅಲ್ಲಿನವರ ವಾಡಿಕೆಯಂತೆ, ಮನೆಯಲ್ಲಿ ಯಾರೂ ಇಲ್ಲವೆಂದು ದೂರದಿಂದಲೇ ತಿಳಿಯುವಂತೆ, ಬಾಗಿಲಿಗೆ ಅಡ್ಡಲಾಗಿ ಪೊರಕೆ ಒರಗಿಸಿತ್ತು.

"ಒಳಗೆ ಬಂದು ಹೋದೋನು ಪೊರಕೆ ಮತ್ತೆ ಒರಗಿಸಿಟ್ಟಿದ್ದಾನಲ್ಲ ಮೇಡಂ!" ಯಾರ್ಕೊ ನಕ್ಕ. "ನಮ್ಮತ್ತೇನೇ ಎಷ್ಟೋ ಸಲ ಮರೀತಾಳೆ."

"ಹೊರಗಿನ ಕಳ್ಳನಿಗೆ ಅದು ಹೊಳೆಯೋದೇ ಇಲ್ಲ," ಎಂದಳು ಹಿಲ್ಕಾ. "ಇವನು ಈ ಸರೋವರದ ಕಡೆಯವನೇ. ಕೀಲಿ ಎಲ್ಲಿಡ್ತೀರಿ?"

"ಸೌದೆ ಕೊಟ್ಟಿಗೆ ಮೊಳೆಗೆ," ಎಂದಳು ಇರ್ಯಾ.

"ಯಾರ್ಯಾರಿಗೆ ಗೊತ್ತು?"

"ಎಲ್ಲರಿಗೂ."

ಹಿಲ್ಕಾ ನಿಟ್ಟುಸಿರಿಟ್ಟು ಫೋನು ಕೈಗೆ ತೆಗೆದುಕೊಂಡಳು. ಹನ್ನೆರಡು ಡಿಗ್ರಿ ದಾಟಿದರೂ ಎಚ್ಚರಿಕೆ ಬರುವಂತೆ ಮಾಡಿ, ಇರ್ಯಾಳ ನಂಬರಿನ ಕೆಳಗೆ ಠಾಣೆಯ ನಂಬರನ್ನೂ ಸೇರಿಸಿದಳು.

ಶನಿವಾರ ಮಧ್ಯಾಹ್ನ ಒಂದೂವರೆಗೆ ಎಚ್ಚರಿಕೆ ಬಂತು. ಪೊಲೀಸರು ತಲುಪಿದಾಗ ಮೆಟ್ಟಿಲ ಬಳಿ ಕಾಲಲ್ಲಿ ಒದ್ದು ಓಡಿಸುವ ಜಾರುಗಾಡಿ ನಿಂತಿತ್ತು. ಪೊರಕೆ ಬದಿಗೆ ಸರಿದಿತ್ತು. ಒಳಗೆ, ಇರ್ಯಾಳ ಗಂಡನ ಜೊತೆ ಮೀನು ಹಿಡಿಯುತ್ತಿದ್ದ ಎದುರು ದಡದ ಮುದುಕ ತೌನೊ, ಉಣ್ಣೆಯ ಕಾಲುಚೀಲದಲ್ಲಿ ಉರಿಯುವ ಒಲೆಯ ಮುಂದೆ ಕೂತಿದ್ದ.

"ಪೊಲೀಸ್!" ಎಂದ ಯಾರ್ಕೊ.

"ಕಾಣ್ತದೆ. ಬೂಟು ಬಿಚ್ಚಿ ಬಾರಪ್ಪ, ಈಗಷ್ಟೇ ನೆಲ ಒರೆಸಿದ್ದೀನಿ."

ತೌನೊನನ್ನು ವಶಕ್ಕೆ ಪಡೆದು ಠಾಣೆಗೆ ತಂದರು. ಅಷ್ಟರಲ್ಲಿ ಇರ್ಯಾಳೂ ಬಂದು ಬೆಂಚಿನ ಮೇಲೆ ಕೂತಿದ್ದಳು. ಅವನ ಮುಖ ಕಂಡದ್ದೇ, ವಾರದಿಂದ ಬಿಗಿಹಿಡಿದ ಉಸಿರೆಲ್ಲ ಒಮ್ಮೆಗೇ ಹೊರಬಂತು.

"ಅಯ್ಯೋ, ನೀನೇನೋ!"

"ಯಾಕೆ ಹೋಗ್ತಿದ್ರಿ?" ಹಿಲ್ಕಾ ವಿಚಾರಣೆ ಶುರುಮಾಡಿದಳು.

"ಶನಿವಾರ ಅಲ್ವಾ."

"ಏನಾದ್ರೂ ತಗೊಂಡ್ರಾ?"

"ಕಾಫಿ. ಪುಡಿ ನಂದೇ." ತೌನೊ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸಿದ. "ಇವಳ ಗಂಡ ಹೋದಾಗಿನಿಂದ ಶನಿವಾರ ಶನಿವಾರ ಒಲೆ ಹಚ್ಚಿ ಮನೆ ಬೆಚ್ಚಗೆ ಮಾಡ್ತಿದ್ದೋನು ನಾನೇ. ಯಂತ್ರ ಬಂತು. 'ಇನ್ನು ನೀನು ಬರೋದು ಬೇಡ ತೌನೊ, ಆರಾಮಾಗಿರು' ಅಂದ್ಲು. ಆರಾಮಾಗಿದ್ದು ಏನು ಮಾಡ್ಲಿ?"

"ಬಾಯಿಬಿಟ್ಟು ಹೇಳಬಾರದಿತ್ತಾ, ಕತ್ತೆ?" ಇರ್ಯಾ ನಗುತ್ತಲೇ ಕಣ್ಣೊರೆಸಿಕೊಂಡಳು.

"ನೀನೆಲ್ಲಿ ಕೇಳ್ದೆ?"

ಇರ್ಯಾ ದೂರು ಹಿಂಪಡೆದು ಸಹಿ ಮಾಡಿದಳು. ಆಮೇಲೆ ಫೋನನ್ನು ಮತ್ತೆ ಹಿಲ್ಕಾಳ ಮುಂದೆ ಸರಿಸಿದಳು.

"ಶನಿವಾರ ಮೂರು ಗಂಟೆಯೊಳಗೆ ಮನೆ ಬೆಚ್ಚಗಾಗದಿದ್ರೆ ನನಗೆ ಕೂಗಬೇಕು. ಹಾಗೆ ಇಡೋಕಾಗುತ್ತಾ?"

"ಅದ್ಯಾಕೆ?" ಎಂದ ತೌನೊ.

"ನೀನು ಬರಲಿಲ್ಲ ಅಂತ ನನಗೆ ಗೊತ್ತಾಗಬೇಡವಾ?"

ತೌನೊ ಟೋಪಿ ತಿರುಗಿಸುವುದನ್ನು ನಿಲ್ಲಿಸಿದ. ಹಿಲ್ಕಾ ಹೊಸ ಎಚ್ಚರಿಕೆ ಹೊಂದಿಸಿ ಠಾಣೆಯ ನಂಬರನ್ನು ಅಳಿಸಿದಳು. ಅದರ ಜಾಗದಲ್ಲಿ ತನ್ನ ಸ್ವಂತ ನಂಬರನ್ನು ಒತ್ತಿದಳು.